ಜಿದ್ದಾದ ಐರಿಶ್ ಸಂಗೀತೋತ್ಸವಕ್ಕೆ ಬಂದ ಮದುವೆಯ ನೆಂಟರು

ಶುಕ್ರವಾರ ಸಂಜೆ ಐದೂ ಹತ್ತಕ್ಕೆ ಯಾರೋ ನಮ್ಮ ಕಂಪನಿ ವಸತಿಯ ಗೇಟು ಬಡಿದರು. ಒಳಗೆ ಐರಿಶ್ ಎಂಜಿನಿಯರರು ಪಿಟೀಲು, ಕೊಳಲು ನುಡಿಸುತ್ತಿದ್ದರು. ಎಂಬತ್ತರ ದಶಕದ ಸೌದಿಯ ಜಿದ್ದಾದಲ್ಲಿ ಅನುಮತಿಯಿಲ್ಲದೆ ಗುಟ್ಟಾಗಿ ನಡೆಸುತ್ತಿದ್ದ ಸಂಗೀತೋತ್ಸವ ಅದು. ವ್ಯವಸ್ಥೆಯೆಲ್ಲ ನನ್ನದು, ಸಿಕ್ಕಿಬಿದ್ದರೆ ನನ್ನನ್ನು ಊರಿಗೆ ಅಟ್ಟುತ್ತಿದ್ದರು. ವಾದ್ಯಗಳನ್ನು ಅಡಗಿಸಿ ಗೇಟು ತೆರೆದೆ.

ಶರಫಿಯಾ ಬಡಾವಣೆಯ ಹೋಟೆಲಿನ ಭಟ್ಕಳದ ಯಜಮಾನರು ಅತ್ತರು ಪೂಸಿಕೊಂಡು ನಿಂತಿದ್ದರು, ಜೊತೆಗೆ ಒಂದಷ್ಟು ಜನ. ಉತ್ಸವದ ಊಟಕ್ಕೆ ಅವರ ಹೋಟೆಲಿನಿಂದಲೇ ಬಿರಿಯಾನಿ ತರಿಸಿದ್ದೆ; ಇಷ್ಟೊಂದು ಯಾಕೆಂದು ಅವರು ಕೇಳಿದಾಗ, ಮದುವೆಗೆಂದು ಸುಳ್ಳು ಹೇಳಿದ್ದೆ.

“ಎಂತ ಮಾರಾಯ, ಊರವರ ಮದುವೆಗೆ ನಮ್ಮನ್ನು ಕರೆಯಬಾರದಾ? ಮದುಮಗ ಎಲ್ಲಿ?”

“ಬಟ್ಟೆ ಹಾಕ್ತಿದ್ದಾನೆ.”

“ಈ ಬಿಳಿಯರೆಲ್ಲ ಹುಡುಗಿ ಕಡೆಯವರಾ?”

ಎಲ್ಲರೂ ನಕ್ಕರು. ಒಬ್ಬ ಮಾತ್ರ ನಗದೆ, ಅವಸರದಲ್ಲಿ ಯಾರೋ ಕುರ್ಚಿಯ ಮೇಲೆ ಬಿಟ್ಟಿದ್ದ ಕೊಳಲನ್ನು ನೋಡುತ್ತಿದ್ದ. ಊಟ ಮಾಡದೆ ಹೊರಟುಹೋದ.

“ಈಗ ಹೊರಟುಹೋದವರು ಯಾರು?” ಎಂದು ಯಜಮಾನರನ್ನು ಕೇಳಿದೆ.

“ನಿನ್ನ ಕಡೆಯವನಲ್ವಾ? ನಾವು ಬರುವಾಗ ಗೇಟಿನ ಹತ್ತಿರವೇ ನಿಂತಿದ್ದ.”

ಅವನು ಪೊಲೀಸರಿಗೆ ಸುದ್ದಿ ಮುಟ್ಟಿಸುವವನಿರಬೇಕೆಂದು, ಆಮೇಲೆ ಎಷ್ಟೋ ರಾತ್ರಿ ಹೊರಗೆ ಕಾರು ನಿಂತಾಗಲೆಲ್ಲ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. ಹೋಟೆಲಿನ ಹುಡುಗರು, ಕಾವಲುಗಾರ, ಎಲ್ಲರ ಮೇಲೂ ಅನುಮಾನ. ಅವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ನನ್ನ ವೀಸಾಕ್ಕೆ ಜಾಮೀನು ನಿಂತಿದ್ದ ಕಫೀಲ್ ಏನೂ ಕೇಳದೆ ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸಿ ಕೈಗಿತ್ತ ದಿನ ರಾತ್ರಿ ಮಲಗಿದವನಿಗೆ ಬೆಳಗಿನ ಬಾಂಗು ಕೇಳುವವರೆಗೂ ಎಚ್ಚರವಾಗಲಿಲ್ಲ.