ನೀರಿನಿಂದ ಹತ್ತಲಾಗದ ದೋಣಿಗಳು

ಪುಣೆಯ ಪಶ್ಚಿಮಕ್ಕಿರುವ ಒಂದು ಅಣೆಕಟ್ಟಿನ ಹಿನ್ನೀರಿನಲ್ಲಿ ನಾವು ಹತ್ತಾರು ಜನ ರವಿವಾರ ಬೆಳಿಗ್ಗೆ ಈಜುತ್ತೇವೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ನನ್ನ ಅಕ್ಕ. ಬಾಗಲಕೋಟೆಯ ಕಡೆ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ನಿಗಡಿಯ ನಮ್ಮ ಮನೆಗೆ ಬಂದು ನೆಲೆಸಿದವಳು. ಹೊಳೆಯಲ್ಲಿ ಈಜು ಕಲಿತವಳಾದ್ದರಿಂದ ಈಜುಕೊಳದ ನೀರೆಂದರೆ ಮೂಗು ಮುರಿಯುತ್ತಾಳೆ. ನಾನು ಶಿವಾಜಿನಗರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ವಾರವಿಡೀ ಕುರ್ಚಿಗೆ ಅಂಟಿಕೊಂಡ ಬೆನ್ನು ಸಡಿಲವಾಗಲಿ ಎಂದು ಅಕ್ಕನ ಹಿಂದೆ ಹೋಗಲು ಶುರುಮಾಡಿದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ, ಆಚೆ ದಡ ಮುಟ್ಟಿ ವಾಪಸು ಬರುವಾಗ, ನಡುನೀರಿನಲ್ಲಿ ಅಕ್ಕನ ಎರಡೂ ಮೀನಖಂಡಗಳು ಹಿಡಿದುಕೊಂಡವು. ನಾನು ಪಕ್ಕದಲ್ಲೇ ಇದ್ದೆ. ಕೂಗಿದೆ. ಬಲೆ ಎತ್ತುತ್ತಿದ್ದ ಮೀನುಗಾರನೊಬ್ಬ ತನ್ನ ತಗಡಿನ ದೋಣಿಯನ್ನು ಬೇಗನೇ ತಂದ. ಆದರೆ ಅವಳನ್ನು ಮೇಲೆ ಎಳೆದುಕೊಳ್ಳಲು ನೋಡಿದಾಗಲೆಲ್ಲ ದೋಣಿ ವಾಲಿ ನೀರು ಒಳಗೆ ನುಗ್ಗುತ್ತಿತ್ತು. ಅವನು ಮೇಲಿಂದ ಎಳೆದ, ನಾನು ಕೆಳಗಿಂದ ನೂಕಿದೆ, ಆಗಲಿಲ್ಲ. ಕೊನೆಗೆ ಅಕ್ಕ ದೋಣಿಯ ಅಂಚು ಹಿಡಿದು ತೇಲಿದಳು, ನಾನು ಹಿಂದಿನಿಂದ ಅವಳ ಸೊಂಟ ಹಿಡಿದುಕೊಂಡೆ, ಅವನು ಮೆಲ್ಲಗೆ ಹುಟ್ಟು ಹಾಕುತ್ತ ಬಂದ. ದಡ ಸೇರುವಷ್ಟರಲ್ಲಿ ಅವಳ ತುಟಿಗಳು ನೀಲಿಯಾಗಿದ್ದವು. ಇದ್ದಬದ್ದ ಟವೆಲ್ಲುಗಳನ್ನೆಲ್ಲ ಮೈಮೇಲೆ ಹೊದಿಸಿ, ಚಹಾ ಕುಡಿಸಿದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು, "ಮುಂದಿನ ವಾರ ಮತ್ತ ಬರೋಣು."

ಅದೇ ವಾರ ಎಲ್ಲರೂ ಸೇರಿ, ಜೊತೆಗೆ ಬರುವ ರಕ್ಷಣಾ ದೋಣಿ ಇಲ್ಲದೆ ಇನ್ನು ಯಾರೂ ದೂರ ಈಜಕೂಡದು ಎಂದು ತೀರ್ಮಾನಿಸಿದೆವು. ತಳ ಗಟ್ಟಿಯಾಗಿದ್ದು ಸುತ್ತಲೂ ಗಾಳಿ ತುಂಬಿದ ದಪ್ಪ ಕೊಳವೆ ಇರುವ ಸಣ್ಣ ಮೋಟಾರು ದೋಣಿ ಬೇಕು, ಅದು ಸುಲಭಕ್ಕೆ ಮಗುಚುವುದಿಲ್ಲ ಎಂದು ತಿಳಿದವರು ಹೇಳಿದರು. ಈಜುಗಾರರ ರಕ್ಷಣೆಗೆ ಮಾತ್ರ ಎಂಬ ಷರತ್ತಿನ ಮೇಲೆ ಅಣೆಕಟ್ಟಿನ ಕಚೇರಿಯ ಒಪ್ಪಿಗೆಯೂ ಸಿಕ್ಕಿತು. ದೋಣಿ ಆರಿಸುವ ಕೆಲಸ ಇಬ್ಬರ ಪಾಲಿಗೆ ಬಂತು. ಒಬ್ಬಳು ನಾನು. ಇನ್ನೊಬ್ಬರು ಖಡಕಿಯಲ್ಲಿ ಹೋಟೆಲು ನಡೆಸುವ, ಕುಂದಾಪುರ ಕಡೆಯಿಂದ ಬಂದ ಹಿರಿಯರು. ಸಮುದ್ರದ ಪಕ್ಕ ಹುಟ್ಟಿದವರೆಂಬ ಕಾರಣಕ್ಕೆ ಅವರಿಗೆ ದೋಣಿಯ ವಿಷಯ ಗೊತ್ತು ಎಂದು ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಅವರೇ.

ದೋಣಿಗಳನ್ನು ಹೋಲಿಸುವುದು ಫ್ರಿಜ್ಜು ಹೋಲಿಸಿದಷ್ಟೇ ಸುಲಭ ಎಂದುಕೊಂಡಿದ್ದೆ. ಒಬ್ಬ ಮಾರಾಟಗಾರ ಉದ್ದವನ್ನು ಅಡಿಯಲ್ಲಿ ಹೇಳಿದರೆ ಇನ್ನೊಬ್ಬ ಮೀಟರಿನಲ್ಲಿ ಹೇಳುತ್ತಿದ್ದ. ಲೆಕ್ಕ ಸರಿಮಾಡಿಕೊಂಡ ಮೇಲೆ, ಮೊದಲನೆಯವನದು ಹೊರಗಿನ ಅಳತೆ, ಎರಡನೆಯವನದು ಒಳಗಿನದು ಎಂದು ತಿಳಿಯುತ್ತಿತ್ತು. ತೂಕ ಕೇಳಿದರೆ ಎಂಜಿನ್ ಬಿಟ್ಟು ಹೇಳುತ್ತಿದ್ದರು. ಎಷ್ಟು ಜನ ಕೂರಬಹುದು ಎಂದು ಕೇಳಿದರೆ ಬರುತ್ತಿದ್ದ ಸಂಖ್ಯೆ ನೋಡಿ, ಇವರು ಜನರನ್ನು ಒಬ್ಬರ ತೊಡೆಯ ಮೇಲೆ ಒಬ್ಬರನ್ನು ಕೂರಿಸಿ ಎಣಿಸಿರಬೇಕು ಅನ್ನಿಸುತ್ತಿತ್ತು. ಕೊಳವೆಯ ಬಟ್ಟೆ ಯಾವುದು, ನಮ್ಮ ಬಿಸಿಲಿಗೆ ಎಷ್ಟು ವರ್ಷ ತಾಳುತ್ತದೆ ಎಂಬ ಪ್ರಶ್ನೆಗೆ "ಟೆನ್ಶನ್ ಘೇವೂ ನಕಾ ಮ್ಯಾಡಮ್" ಎಂಬ ಸಮಾಧಾನ ಸಿಗುತ್ತಿತ್ತೇ ಹೊರತು ಉತ್ತರವಲ್ಲ. ಒಂದು ಸಂಜೆಯಂತೂ ಇಬ್ಬರು ಬೇರೆ ಬೇರೆ ಮಾರಾಟಗಾರರು ಒಂದೇ ಫೋಟೋ ಕಳಿಸಿದ್ದರು. ಅದೇ ದೋಣಿ, ಅದರಲ್ಲಿ ಅದೇ ಕೆಂಪು ಟೊಪ್ಪಿಯ ಹೆಂಗಸು. ಬದಿಯಲ್ಲಿ ಬರೆದ ಹೆಸರು ಮಾತ್ರ ಬೇರೆ. ನಾನು ಫೋನನ್ನು ಮಂಚದ ಮೇಲೆ ಎಸೆದು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ.

ಅಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ದೂರ ಈಜುವುದು ನಿಂತಾಗಿನಿಂದ ಅವಳ ಸಿಟ್ಟೆಲ್ಲ ಹಿಟ್ಟಿನ ಮೇಲೆ.

"ಇವತ್ತರ ಏನರ ಗೊತ್ತಾತೇನು?" ಎಂದಳು.

"ಇಲ್ಲ."

"ನೀವು ದೋಣಿ ತರೋದ್ರಾಗ ನಾ ಈಜೋದು ಮರತ ಬಿಡ್ತೇನಿ."

ಒಂದು ಶನಿವಾರ ಹೋಟೆಲಿನವರೂ ನಾನೂ ಹೆದ್ದಾರಿಯ ಪಕ್ಕದ ಒಂದು ಗೋದಾಮಿಗೆ ಹೋದೆವು. ಅಲ್ಲಿ ಒಣನೆಲದ ಮೇಲೆ ಬೂದುಬಣ್ಣದ ದೋಣಿಯೊಂದು ಕೂತಿತ್ತು. ಫೈಬರಿನ ತಳ ಚೂಪಾಗಿ ಕೆಳಗಿಳಿದಿತ್ತು, ಕೊಳವೆ ನನ್ನ ತೊಡೆಗಿಂತ ಎರಡರಷ್ಟು ದಪ್ಪ. ಹೋಟೆಲಿನವರು ಅದರ ಸುತ್ತ ಒಂದು ಸುತ್ತು ಬಂದು ಅಂಗೈಯಿಂದ ತಟ್ಟಿದರು.

"ಇದು ದೋಣಿ ಮಾರಾಯ್ರೆ. ಅಲೆ ಬಂದ್ರೆ ಸೀಳಿಕೊಂಡು ಹೋಗ್ತದೆ," ಎಂದರು.

"ಅಣ್ಣಾ, ನಮ್ಮ ಕೆರಿಯಾಗ ಅಲಿ ಎಲ್ಲಿ ಬರ್ತಾವ್ರಿ?"

"ಗಾಳಿ ಬಂದ್ರೆ ಬರ್ತದೆ. ನಿಮಗೆ ಗೊತ್ತಿಲ್ಲ."

ನಾನು ಮಾರಾಟದ ಯುವಕನ ಕಡೆ ತಿರುಗಿ, ನೀರಿನಲ್ಲಿ ಸೋತುಹೋದ ಮನುಷ್ಯ ಇದರೊಳಗೆ ಹೇಗೆ ಬರಬೇಕು ಎಂದು ಹಿಂದಿಯಲ್ಲಿ ಕೇಳಿದೆ. ಅವನು, ಇದರಿಂದ ಯಾರೂ ಬೀಳುವುದಿಲ್ಲ ಮ್ಯಾಡಮ್ ಎಂದ. ಬೀಳುವವರ ಮಾತಲ್ಲ, ಮೊದಲೇ ನೀರಿನಲ್ಲಿ ಇರುವವರ ಮಾತು ಎಂದೆ. ಅವರು ನೀರಿನಲ್ಲಿ ಯಾಕಿರುತ್ತಾರೆ ಎಂದು ಕೇಳಿದ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ. ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು.

ವಾಪಸು ಬರುವಾಗ ಕಾರಿನಲ್ಲಿ ಹೋಟೆಲಿನವರಿಗೂ ನನಗೂ ಜಗಳವೇ ಆಯಿತು. ಅವರಿಗೆ ಓಟ ಮುಖ್ಯ, ಆಪತ್ತು ಬಂದಾಗ ಬೇಗ ತಲುಪಬೇಡವೇ ಎಂಬುದು ಅವರ ವಾದ. ಅದು ಸುಳ್ಳೂ ಅಲ್ಲ. ಆದರೆ ಆ ದಿನ ಮೀನುಗಾರ ಬೇಗನೇ ತಲುಪಿದ್ದ. ತಲುಪಿದ ಮೇಲೆ ಏನೂ ಮಾಡಲಾಗದೆ ನಾವಿಬ್ಬರೂ ಒದ್ದಾಡಿದ್ದೆವು. ನನ್ನ ಕೈಯಲ್ಲಿ ಅಕ್ಕನ ಮೈ ಗಳಿಗೆಗಳಿಗೆಗೂ ಭಾರವಾಗುತ್ತಿದ್ದುದನ್ನು ನಾನು ಯಾರಿಗೆ ಅಡಿಯಲ್ಲಿ, ಮೀಟರಿನಲ್ಲಿ ಹೇಳಲಿ? "ನೀವು ಆವತ್ತು ಇರಲಿಲ್ರಿ," ಎಂದಷ್ಟೇ ಹೇಳಿದೆ. ಆದರೂ ಅವರು ಮನಸ್ಸು ಬದಲಿಸಲಿಲ್ಲ.

ಬೇಸಿಗೆ ಏರುವ ಹೊತ್ತಿಗೆ, ಬಹಳ ಸಲ ಬೇಡಿಕೊಂಡ ಮೇಲೆ, ಇಬ್ಬರು ಮಾರಾಟಗಾರರು ತಮ್ಮ ದೋಣಿಗಳನ್ನು ಹಿನ್ನೀರಿಗೇ ತಂದು ತೋರಿಸಲು ಒಪ್ಪಿದರು. ಒಂದು, ಗೋದಾಮಿನ ಆ ಬೂದುಬಣ್ಣದ್ದೇ. ಇನ್ನೊಂದು ಮುಂಬಯಿಯ ಕಡೆಯಿಂದ ಬಂದದ್ದು. ಅದರ ತಳ ಅಲ್ಯೂಮಿನಿಯಮ್ಮಿನದು, ಹೆಚ್ಚು ಚೂಪಿಲ್ಲ, ಕೊಳವೆ ತೆಳ್ಳಗೆ, ನೀರಿಗೆ ಹತ್ತಿರವಾಗಿ ಕೂರುತ್ತಿತ್ತು. ಹೋಟೆಲಿನವರು ಅದನ್ನು ನೋಡಿದ್ದೇ, "ಇದು ಎಂತದು, ಬಟ್ಟೆ ಒಗೆಯುವ ಟಬ್ಬಾ?" ಎಂದರು.

ಮೊದಲು ಬೂದುದೋಣಿ ಓಡಿತು. ಚೆಂದವಾಗಿಯೇ ಓಡಿತು. ಹೋಟೆಲಿನವರು ಗೆದ್ದವರಂತೆ ದಡಕ್ಕೆ ಬಂದರು. ಅಷ್ಟರಲ್ಲಿ ಹಿಂದೆ ಯಾರೋ ನೀರಿಗಿಳಿದ ಸದ್ದು ಕೇಳಿ ತಿರುಗಿ ನೋಡಿದರೆ ಅಕ್ಕ. ಸೀರೆಯ ಕೆಳಗೇ ಈಜುಡುಗೆ ಹಾಕಿಕೊಂಡು ಬಂದಿದ್ದಾಳೆ. ಸೀರೆ ಕಲ್ಲಿನ ಮೇಲೆ ಮಡಿಚಿಟ್ಟಿತ್ತು.

"ಅಕ್ಕಾ, ಏನ್ ಮಾಡ್ಲಿಕತ್ತಿ?"

"ಈಗ ನನ್ನ ಎತ್ರಿ. ನಾ ಏನೂ ಮಾಡಂಗಿಲ್ಲ. ಕಾಲು ಹಿಡಕೊಂಡಾವಂತ ತಿಳೀರಿ," ಎಂದು ನೀರಿನಲ್ಲಿ ಅಂಗಾತ ತೇಲಿದಳು.

ದೋಣಿಯನ್ನು ಅವಳ ಪಕ್ಕಕ್ಕೆ ತಂದರು. ಹೋಟೆಲಿನವರೂ ಮಾರಾಟದ ಯುವಕನೂ ಬಗ್ಗಿ ಅವಳ ತೋಳು ಹಿಡಿದರು. ಕೊಳವೆ ಎಷ್ಟು ಎತ್ತರವಿತ್ತೆಂದರೆ ಅವಳ ಗಲ್ಲ ಅದಕ್ಕೆ ಒತ್ತಿಕೊಂಡಿತೇ ಹೊರತು ಎದೆ ಮೇಲೆ ಬರಲಿಲ್ಲ. ಯುವಕ ಏಣಿ ತಂದು ಸಿಕ್ಕಿಸಿದ. ಅಕ್ಕನ ಕಾಲನ್ನು ಅದರ ಮೇಲೆ ಇಡಿಸಿದ ಕೂಡಲೇ ಅದು ದೋಣಿಯ ತಳದ ಕೆಳಗೆ ಹೊರಳಿತು. ಮತ್ತೆ ಎಳೆದರು. ಹೋಟೆಲಿನವರ ಮುಖ ಕೆಂಪಾಯಿತು, ಉಸಿರು ಕಟ್ಟಿತು. ಅಕ್ಕ ಹೇಳಿದಂತೆಯೇ ಏನೂ ಸಹಾಯ ಮಾಡಲಿಲ್ಲ. ಕೊನೆಗೆ ಅವರೇ ಕೈಬಿಟ್ಟು ಕೊಳವೆಯ ಮೇಲೆ ಕೂತರು.

"ಆಗುದಿಲ್ಲ," ಎಂದರು ಮೆಲ್ಲಗೆ. ನನ್ನ ಕಡೆ ನೋಡಲಿಲ್ಲ.

ಎರಡನೆಯ ದೋಣಿಯಲ್ಲಿ ಅವಳನ್ನು ಬದಿಗೆ ಮಾಡಿ, ಒಂದು ಕಾಲು ಕೊಳವೆಯ ಮೇಲೆ ಹಾಕಿಸಿ ಹೊರಳಿಸಿದರು. ಚೀಲ ಉರುಳಿಸಿದ ಹಾಗೆ ಒಳಗೆ ಬಿದ್ದಳು. ನಾನು ನೆಮ್ಮದಿಯಿಂದ ಉಸಿರು ಬಿಡುವಷ್ಟರಲ್ಲಿ, ಕೊಳವೆಗೆ ಅಂಟಿಸಿದ್ದ ಹಿಡಿಕೆ ಕಿತ್ತು ಹೋಟೆಲಿನವರ ಕೈಗೇ ಬಂತು. ಅವರು ಅದನ್ನು ಹಿಡಿದುಕೊಂಡೇ ನಿಂತರು. ಮುಂಬಯಿಯವನು, ಅಂಟು ಬಿಸಿಲಿಗೆ ಹಾಗಾಗುತ್ತದೆ, ಮತ್ತೆ ಅಂಟಿಸಿ ಕೊಡುತ್ತೇವೆ ಎಂದ. ಬಿಸಿಲಿನಲ್ಲಿಯೇ ಬಳಸಬೇಕಾದ ದೋಣಿಗೆ ಬಿಸಿಲಿನ ನೆವ ಹೇಳುವವನ ಜೊತೆ ಏನು ಮಾತಾಡುವುದು? ಇಷ್ಟು ತಿಂಗಳು ತಡೆದುಕೊಂಡದ್ದೆಲ್ಲ ನನ್ನ ಬಾಯಿಂದ ಮರಾಠಿ, ಹಿಂದಿ, ಕನ್ನಡ ಎಲ್ಲ ಕಲಸಿ ಹೊರಬಂತು. ಅವನಿಗೆ ಎಷ್ಟು ತಿಳಿಯಿತೋ, ತಲೆ ತಗ್ಗಿಸಿ ನಿಂತಿದ್ದ.

ಕೊನೆಗೆ ಅದನ್ನೇ ಕೊಂಡೆವು. ಆದರೆ ಕೊಳವೆಯನ್ನು ಬಿಸಿಲು ತಾಳುವ ಬೇರೆ ಬಟ್ಟೆಯಿಂದ ಮಾಡಿಸಿ, ಹಿಡಿಕೆಗಳ ಬದಲು ಸುತ್ತಲೂ ಹಗ್ಗ ಹಾಕಿಸಿಕೊಡಬೇಕೆಂದು ಹಟಹಿಡಿದವರು ಹೋಟೆಲಿನವರು. ಮುಂಬಯಿಗೆ ದಿನವೂ ಫೋನು ಮಾಡಿ ಜಗಳ ತೆಗೆದವರೂ ಅವರೇ. ದೋಣಿ ಬಂದು ಮುಟ್ಟುವ ಹೊತ್ತಿಗೆ ಮಳೆಗಾಲ ಶುರುವಾಗಿ, ಅಣೆಕಟ್ಟಿನ ಕಚೇರಿಯವರು ಹಿನ್ನೀರಿಗೆ ಇಳಿಯುವುದನ್ನೇ ನಿಲ್ಲಿಸಿದ್ದರು. ಆ ಮಳೆಗಾಲವೆಲ್ಲ ಅದು ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ತಾಡಪತ್ರಿ ಹೊದ್ದು ಬಿದ್ದಿತ್ತು. ಜಾಗ ಹಿಡಿದಿದೆಯೆಂದು ಕೆಳಗಿನ ಮನೆಯವರು ವಾರಕ್ಕೊಮ್ಮೆ ದೂರುತ್ತಿದ್ದರು.

ದಸರೆ ಕಳೆದ ಮೇಲೆ ಅಕ್ಕ ನೀರಿಗಿಳಿದಳು. ನಾನು ದೋಣಿಯಲ್ಲಿ ಕೂತಿದ್ದೆ, ಹೋಟೆಲಿನವರು ಎಂಜಿನ್ ಹಿಡಿದಿದ್ದರು. ಅವಳ ಕೈ ಏಳುವುದು ಬೀಳುವುದನ್ನೇ ನೋಡುತ್ತ, ಒಂದು ಸಲ ತಡವಾದರೂ ಸಾಕು, ನಾನು ಹಗ್ಗಕ್ಕೆ ಕೈ ಹಾಕುತ್ತಿದ್ದೆ. ನಡುನೀರು ದಾಟಿದ ಮೇಲೆ ಅವಳು ನಿಂತು, ತಲೆಯೆತ್ತಿ ಕೆಮ್ಮಿದಳು. ನಾನು ಹಗ್ಗ ಹಿಡಿದು ನೀರಿನ ಕಡೆ ಬಗ್ಗಿದೆ.

"ಏನಾತ ಅಕ್ಕಾ?"

"ಹೊಗಿ ಬರ್ಲಿಕತ್ತದ. ಆ ದೋಣಿ ಸ್ವಲ್ಪ ಹಿಂದಕ್ಕ ತಗೊಂಡು ಹೋಗ್ರಿ," ಎಂದು ಹೇಳಿ ಮತ್ತೆ ಮುಖ ನೀರಿಗಿಟ್ಟಳು.