ರಾಜೀವಿ ಕೂತರಷ್ಟೇ ಹುಡುಗಿಯರ ಆಟ

ಶುಕ್ರವಾರದ ಮುಂಜಾನೆ. ದುಬೈಯ ಅಲ್ ಕೂಜ್‌ನ ಗೋದಾಮುಗಳೆಲ್ಲ ರಜೆಯ ನಿದ್ದೆಯಲ್ಲಿವೆ. ಅವುಗಳಲ್ಲೊಂದರ ಶಟರ್ ಎತ್ತಿ ರಾಜೀವಿ ಒಳಗೆ ಹೋಗುತ್ತಾರೆ. ಒಳಗಿರುವುದು ಹಸಿರು ಹಾಸಿನ ಫುಟ್‌ಬಾಲ್ ಅಂಗಳ. ದೀಪ, ಏಸಿ ಹಾಕಿ, ನಿನ್ನೆ ಆಡಿದವರು ಬಿಸಾಡಿದ ಬಾಟಲಿಗಳನ್ನು ಹೆಕ್ಕುತ್ತಾರೆ. ಆಮೇಲೆ ಬಾಗಿಲಲ್ಲಿ, ಕಾರಿನಿಂದಲೇ ಕಾಣುವ ಹಾಗೆ, ಕುರ್ಚಿ ಹಾಕಿ ಕೂರುತ್ತಾರೆ. ಸೊಂಟ ಹಿಡಿದುಕೊಂಡಿದೆ; ಕೂರುವಾಗ ಸಣ್ಣಗೆ ನರಳುತ್ತಾರೆ.

ಅವರಿಗೆ ಸಂಬಳ ಕೊಡುವುದು ವಾರದ ಆರು ದಿನ ಗುಡಿಸಿ ಒರೆಸುವುದಕ್ಕೆ. ಶುಕ್ರವಾರ ರಜೆ. ಆದರೆ ಫುಟ್‌ಬಾಲ್ ಕಲಿಯುವ ಹುಡುಗಿಯರಿಗೆ ಅಂಗಳ ಸಿಗುವುದೂ ಶುಕ್ರವಾರ ಬೆಳಗ್ಗೆ ಮಾತ್ರ; ಅವರಿಗೆ ಕಲಿಸುವ ಸುಮಿತ್ ಗಂಡಸು. ಅಲ್ ಬರ್ಷಾದಿಂದ ಬರುವ ನಮ್ಮೂರ ಕಡೆಯ ತಾಯಂದಿರು ಕಾರು ನಿಲ್ಲಿಸಿ, ಬಾಗಿಲಲ್ಲಿ ಹೆಂಗಸೊಬ್ಬಳು ಕಂಡರಷ್ಟೇ ಮಗಳನ್ನು ಇಳಿಸುತ್ತಾರೆ. ಹೀಗೊಂದು ನಿಯಮವಿದೆ ಎಂದು ಅವರ್‍ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹಿಂದುಳಿದವರಾಗಿಬಿಡುತ್ತಾರಲ್ಲ.

“ನಾನೆಂತ ಮಾಡುದಿಲ್ಲ ಮಾರಾಯ್ರೆ, ಸುಮ್ಮನೆ ಕೂತಿರುದು,” ಎನ್ನುತ್ತಾರೆ ರಾಜೀವಿ. “ಆದ್ರೆ ಕೂತಿರುದೂ ಬಚ್ಚುತ್ತದೆ, ಸುಸ್ತಾಗ್ತದೆ.”

ಮೂಲ್ಕಿ ಹತ್ತಿರದ ರಾಜೀವಿ ಗಂಡ ತೀರಿಕೊಂಡ ಮೇಲೆ ಮನೆಗೆಲಸಕ್ಕೆಂದು ದುಬೈಗೆ ಬಂದವರು. ಈಗ ಐವರು ಹೆಂಗಸರ ಕೋಣೆಯಲ್ಲಿ ಬಾಡಿಗೆಯ ಒಂದು ಮಂಚ, ಬೆಡ್ ಸ್ಪೇಸ್. ಉಳಿದವರು ಏಳುವ ಮೊದಲೇ ಇವರು ಎದ್ದಿರುತ್ತಾರೆ. ಊರಿನಲ್ಲಿ ಚೆಂಡು ಮುಟ್ಟಿದವರಲ್ಲ, ಆಟದ ಹುಚ್ಚೂ ಇರಲಿಲ್ಲ.

ಜುಲೈಯ ಒಂದು ಶುಕ್ರವಾರ ಮೈ ಏಳಲೇ ಇಲ್ಲ, ಮಲಗಿಬಿಟ್ಟರು. ಕಾರುಗಳು ಬಂದವು, ನಿಧಾನಿಸಿದವು, ತಿರುಗಿ ಹೋದವು. ಸುಮಿತ್ ಚೆಂಡು ಹಿಡಿದು ಒಬ್ಬನೇ ನಿಂತಿದ್ದ. ಮರುದಿನ ಅಂಗಳದ ಮ್ಯಾನೇಜರ್ ಹ್ಯೂಬರ್ಟ್ ಅವನಿಗೆ ಹೇಳಿದ್ದು ರಾಜೀವಿಯ ಕಿವಿಗೂ ಬಿತ್ತು: “ಇನ್ನೊಂದು ಸಲ ಹೀಗಾದ್ರೆ ಖಲಾಸ್. ಆ ಟೈಮು ಕಂಪೆನಿ ಟೀಮಿಗೆ ಕೊಡುವ.”

“ಆ ಮಕ್ಕಳು ವಾರವಿಡೀ ಫ್ಲ್ಯಾಟಿನೊಳಗೆ ಇರುದು. ನನ್ನ ಒಂದು ನಿದ್ದೆಗೆ ಅವರ ಆಟ ಹೋಗುದಾ?” ಎನ್ನುತ್ತಾರೆ ರಾಜೀವಿ. ಆಮೇಲೆ ಅವರು ಒಂದು ಶುಕ್ರವಾರವೂ ತಪ್ಪಿಸಿಲ್ಲ.

ಕಳೆದ ಭಾನುವಾರ ಹಾಲೆಂಡಿನಲ್ಲಿ ಮಹಿಳೆಯರ ಯುರೋಪ್ ಚಾಂಪಿಯನ್‌ಷಿಪ್ ಫೈನಲ್. ಅದನ್ನು ತೋರಿಸಲೆಂದೇ ಹುಡುಗಿಯರನ್ನು ಕರೆಸಿ, ಅಂಗಳದ ಟಿವಿಗೆ ಸುಮಿತ್ ತನ್ನ ಲ್ಯಾಪ್‌ಟಾಪ್ ಜೋಡಿಸಿದ. ಹುಡುಗಿಯರ ಹಿಂದೆ ರಾಜೀವಿ ಮಾಪ್ ಹಿಡಿದು ನಿಂತರು. ಕಿತ್ತಳೆ ಜೆರ್ಸಿಯ ಹಾಲೆಂಡಿನವರು ಆಡುತ್ತಿದ್ದರು. ಗೆರೆಯಾಚೆ ಒಬ್ಬ ಹೆಂಗಸು ನಿಂತಿದ್ದರು. ರಾಜೀವಿಗೆ ಪಾಪ ಅನಿಸಿತು. ಪಕ್ಕದಲ್ಲಿದ್ದ ನಿಖಿತಾಳನ್ನು ಕೇಳಿದರು: “ಇವರನ್ನೂ ಮಕ್ಕಳ ಕಾವಲಿಗೆ ನಿಲ್ಲಿಸಿದ್ದಾ? ಕೂರ್‍ಲಿಕ್ಕೆ ಒಂದು ಕುರ್ಚಿಯಾದ್ರೂ ಕೊಡ್ಬಾರ್ದಾ?”

“ನೋ ಆಂಟಿ, ಶಿ ಈಸ್ ದ ಕೋಚ್,” ಎಂದಳು ಹದಿನಾಲ್ಕರ ನಿಖಿತಾ.

ಹುಡುಗಿಯರು ಬಿದ್ದು ಬಿದ್ದು ನಕ್ಕರು. ರಾಜೀವಿ ನಗಲಿಲ್ಲ. ಮಾಪ್ ಗೋಡೆಗೆ ಒರಗಿಸಿ ಕೊನೆಯವರೆಗೂ ನೋಡಿದರು. ಹಾಲೆಂಡ್ ಗೆದ್ದಿತು. ಅವರು ನೋಡುತ್ತಿದ್ದುದು ಮಾತ್ರ ಗೆರೆಯಾಚೆಯವರನ್ನು.

ನಿಮಗೇನು ಆಸೆ ಎಂದು ಕೇಳಿದರೆ ರಾಜೀವಿ ಆಡುತ್ತಿರುವ ನಿಖಿತಾಳತ್ತ ಕೈ ತೋರಿಸುತ್ತಾರೆ.

“ಅವಳಿಗೆ ಹೇಳಿದ್ದೇನೆ, ಬೇಗ ಕಲಿ, ನೀನೇ ಕೋಚ್ ಆಗು ಅಂತ. ಆಗ ನನ್ನ ಮುಖ ಕಾಣದಿದ್ರೂ ತಾಯಂದಿರು ಮಕ್ಕಳನ್ನು ಇಳಿಸ್ತಾರೆ. ನನಗೆ ಒಂದು ಶುಕ್ರವಾರ ಮಲಗ್ಬೇಕು ಮಾರಾಯ್ರೆ. ನಾನು ಮಲಗಿದ್ರೂ ಇಲ್ಲಿ ಆಟ ನಡೀಬೇಕು, ಅಷ್ಟೆ.”