ಧಾರೆ ಸೀರೆಯ ತೂತು

ಹೊಲಿಗೆ ಟೀಚರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಹುಡುಗರು ಮೈದಾನದಲ್ಲಿ ವಾಲಿಬಾಲ್ ಆಡುವ ಹೊತ್ತಿಗೆ ಹುಡುಗಿಯರನ್ನು ಮೂಲೆಯ ಕೋಣೆಯಲ್ಲಿ ಕೂರಿಸಿ, ಅಂಗೈಯಗಲದ ಬಿಳಿ ಬಟ್ಟೆಗೆ ತಾವೇ ಕತ್ತರಿಯಿಂದ ತೂತು ಮಾಡಿ ಕೊಡುತ್ತಿದ್ದರು. ಅದನ್ನು ನಾವು ಮುಚ್ಚಬೇಕು. ತೇಪೆ ಹಾಕುವಂತಿಲ್ಲ. ಅದೇ ಬಟ್ಟೆಯ ಅಂಚಿನಿಂದ ನೂಲು ಬಿಡಿಸಿ, ಉದ್ದಕ್ಕೆ ಎಳೆ ಹಾಸಿ, ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ನೇಯಬೇಕು. ನೂಲು ಬಿಗಿಯಾದರೆ ಬಟ್ಟೆ ಮುದುಡುತ್ತದೆ. ಮುದುಡಿದ್ದನ್ನು ಬೆಳಕಿಗೆ ಹಿಡಿದು, "ಇದು ಹೊಲಿಗೆಯಾ, ಜೇಡನ ಬಲೆಯಾ?" ಎಂದು ಇಡೀ ಕ್ಲಾಸಿಗೆ ತೋರಿಸಿ, ಅದೇ ಜಾಗಕ್ಕೆ ಮತ್ತೆ ಕತ್ತರಿ ಹಾಕುತ್ತಿದ್ದರು. ನನ್ನ ಬಟ್ಟೆಗೆ ಬಿದ್ದಷ್ಟು ಕತ್ತರಿ ಬೇರೆ ಯಾರದಕ್ಕೂ ಬಿದ್ದಿರಲಿಕ್ಕಿಲ್ಲ. ಹತ್ತನೇ ಕ್ಲಾಸು ಮುಗಿದ ದಿನ ಅದನ್ನು ಬಚ್ಚಲ ಒಲೆಗೆ ಹಾಕಿದೆ. ಬಂಟ್ವಾಳಕ್ಕೆ ಮದುವೆಯಾಗಿ ಬಂದ ಮೇಲೆ ಒಂದು ಗುಂಡಿ ಹಾಕುವುದಿದ್ದರೂ ಟೈಲರನ ಕೈಗೇ ಕೊಟ್ಟೆ.

ಕಳೆದ ವರ್ಷ ತಂಗಿಯ ಮಗಳ ಮದುವೆ ಮೂಡಬಿದ್ರೆಯಲ್ಲಿ ಆಯಿತು. ನಮ್ಮಲ್ಲಿ ಧಾರೆ ಸೀರೆ ಗಂಡಿನ ಮನೆಯಿಂದ ಬರಬೇಕು. ಅದನ್ನೇ ಉಟ್ಟು ಹುಡುಗಿ ಮಂಟಪಕ್ಕೆ ಹೋಗಬೇಕು, ಬದಲು ಸೀರೆ ನಡೆಯುವುದಿಲ್ಲ. ಗಂಡಿನ ಸೋದರತ್ತೆ ಸೀರೆಯ ಹರಿವಾಣ ಹಿಡಿದು, ಹಿಂದೊಂದು ಪರಿವಾರ ಕಟ್ಟಿಕೊಂಡು ಹುಡುಗಿಯ ಕೋಣೆಗೆ ಬಂದರು. ಆ ಹೆಂಗಸನ್ನು ಕಂಡರೆ ನನಗಾಗದು. ನಿಶ್ಚಿತಾರ್ಥದ ದಿನ ತಂಗಿಯ ಮನೆಯ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂತವರು ಅವರು.

ಅಲಂಕಾರ ಮಾಡುವವಳು ಸೀರೆ ಬಿಡಿಸಿದಳು. ಸೆರಗಿನಲ್ಲಿ, ಸರಿಯಾಗಿ ಹೆಗಲ ಮೇಲೆ ಬರುವ ಕಡೆ, ಹುಣಸೆ ಬೀಜದಷ್ಟು ತೂತು.

ಮೊದಲು ಬಾಯಿ ತೆರೆದದ್ದು ಸೋದರತ್ತೆಯೇ. "ನಮ್ಮಲ್ಲಿಂದ ಹೊರಡುವಾಗ ಸರಿ ಇತ್ತು. ಇಲ್ಲಿ ಯಾರ ಬಳೆ ತಾಗಿತೋ. ಒಳ್ಳೆ ಸೀರೆ ಮುಟ್ಟಿ ಅಭ್ಯಾಸ ಇಲ್ಲದವರ ಕೈಗೆ ಕೊಟ್ಟರೆ ಹೀಗೇ ಮಾರಾಯ್ರೆ."

"ನಾವಿನ್ನೂ ಮುಟ್ಟಲೇ ಇಲ್ಲವಲ್ಲ ಅಕ್ಕ," ಎಂದಳು ತಂಗಿ ಅವರಿಗೆ.

"ಹಾಗಾದ್ರೆ ನಾವೇ ಹರಿದು ತಂದದ್ದಾ? ಧಾರೆಗೆ ಹರಕು ಸೀರೆ ಉಡಿಸಲಿಕ್ಕೆ ಉಂಟಾ? ಅಣ್ಣನಿಗೆ ಹೇಳ್ತೇನೆ, ಬೇರೆ ಮುಹೂರ್ತ ನೋಡಲಿ."

ಅಣ್ಣ ಎಂದರೆ ಗಂಡಿನ ಅಪ್ಪ. ಅರ್ಧ ಮೇಕಪ್ಪಿನಲ್ಲಿದ್ದ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ದೊಡ್ಡಮ್ಮ, ಏನಾದ್ರೂ ಮಾಡಿ."

"ಬಾಗಿಲು ಹಾಕು," ಎಂದೆ ತಂಗಿಗೆ. "ಅಕ್ಕ, ನೀವು ಕೂತ್ಕೊಳ್ಳಿ. ಸ್ವಲ್ಪ ತಡೆದು ಹೇಳಿದ್ರೂ ನಿಮ್ಮ ಅಣ್ಣ ಎಲ್ಲಿಗೂ ಓಡುವುದಿಲ್ಲ."

ಅಲಂಕಾರದವಳ ಪೆಟ್ಟಿಗೆಯಲ್ಲಿ ಸಣ್ಣ ಸೂಜಿ ಸಿಕ್ಕಿತು. ಸೀರೆಯ ಒಳಗೆ ಸಿಕ್ಕಿಸುವ ತುದಿಯಿಂದ ರೇಷ್ಮೆಯ ಎಳೆಗಳನ್ನು ಬಿಡಿಸಿ, ಕನ್ನಡಕ ಏರಿಸಿ ಕಿಟಕಿಯ ಹತ್ತಿರ ಕೂತೆ. ಉದ್ದಕ್ಕೆ ಎಳೆ ಹಾಸಿದೆ. ಕೈಗೆ ಎಲ್ಲವೂ ನೆನಪಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು.

"ಗೋಣಿ ಹೊಲಿದ ಹಾಗೆ ಮಾಡಬೇಡಿ, ಅದು ರೇಷ್ಮೆ," ಎಂದು ಬೆನ್ನ ಹಿಂದೆ ಸೋದರತ್ತೆ. ತಲೆಯೊಳಗೆ ಟೀಚರ್, "ಬಿಗಿ ಮಾಡಬೇಡ, ಬಿಗಿ ಮಾಡಬೇಡ." ಸೂಜಿಯನ್ನು ಯಾರಿಗೆ ಚುಚ್ಚುತ್ತಿದ್ದೇನೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ಅಡ್ಡ ಎಳೆ ಶುರು ಮಾಡುವಾಗ ತೂತಿನ ಅಂಚಿನಲ್ಲಿ ಏನೋ ಗಟ್ಟಿ ತಾಗಿತು. ಸೂಜಿಯಿಂದ ಎಬ್ಬಿಸಿ ನೋಡಿದೆ. ಸ್ಟೇಪ್ಲರ್ ಪಿನ್ನು. ಅದರಲ್ಲಿ ಅಂಗಡಿಯ ದರದ ಚೀಟಿಯ ಒಂದು ಚೂರು ಸಿಕ್ಕಿಕೊಂಡಿತ್ತು. ಸೀರೆಯ ದರ ನಮ್ಮ ಕಣ್ಣಿಗೆ ಬೀಳಬಾರದೆಂದು ಯಾರೋ ಅವಸರದಲ್ಲಿ ಚೀಟಿಯನ್ನು ಕಿತ್ತಿದ್ದರು, ಚೀಟಿಯ ಜೊತೆ ರೇಷ್ಮೆಯೂ ಕಿತ್ತು ಬಂದು, ಪಿನ್ನು ಅಂಚಿನಲ್ಲೇ ಉಳಿದಿತ್ತು. ಹರಿವಾಣವನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದೆನೆಂದು ಒಳಗೆ ಬರುವಾಗಲೇ ಕೊಚ್ಚಿಕೊಂಡವರು ಸೋದರತ್ತೆ.

ಅವರ ಅಂಗೈ ಬಿಡಿಸಿ ಪಿನ್ನನ್ನು ಅದರಲ್ಲಿಟ್ಟೆ. "ನಿಮ್ಮದು ಅಕ್ಕ, ಸೀರೆಯಲ್ಲಿ ಉಳಿದಿತ್ತು. ನಮ್ಮ ಬಳೆಗಳಲ್ಲಿ ಪಿನ್ನು ಇರುವುದಿಲ್ಲ. ಇದನ್ನೂ ಅಣ್ಣನಿಗೆ ಹೇಳುವುದಾ?"

ಮುಷ್ಟಿ ಮುಚ್ಚಿತು. ಪರಿವಾರದಲ್ಲಿ ಯಾರೋ ಕೆಮ್ಮಿದರು. "ಹೊತ್ತಾಯ್ತು," ಎಂದರು ಸೋದರತ್ತೆ, ಯಾರ ಮುಖವನ್ನೂ ನೋಡದೆ. "ಬೇಗ ಮುಗಿಸಿ, ಉಡಿಸಿ."

ನಾನು ಬೇಗ ಮುಗಿಸಲಿಲ್ಲ. ಅಡ್ಡ ಎಳೆಗಳನ್ನು ಒಂದೊಂದಾಗಿ ನೇಯ್ದು ತೂತು ಮುಚ್ಚಿದೆ. ಹಿತ್ತಾಳೆ ಚೊಂಬಿನಲ್ಲಿ ಬಿಸಿನೀರು ತರಿಸಿ, ಸೆರಗಿನ ಮೇಲೆ ತೆಳು ಬಟ್ಟೆ ಹಾಸಿ, ಚೊಂಬಿನ ತಳದಿಂದ ಆ ಜಾಗವನ್ನು ನಿಧಾನಕ್ಕೆ ಒತ್ತಿದೆ. ಅಷ್ಟು ಹೊತ್ತೂ ಸೋದರತ್ತೆ ನಿಂತೇ ಇದ್ದರು.

ಧಾರೆ ಎರೆಯುವವರೆಗೆ ನಾನು ಹುಡುಗಿಯ ಮುಖ ನೋಡಲಿಲ್ಲ, ಹೆಗಲನ್ನೇ ನೋಡುತ್ತಿದ್ದೆ. ನೀರು ಬಿತ್ತು, ವಾಲಗ ಜೋರಾಯಿತು. ಎಳೆ ಬಿಡಲಿಲ್ಲ.

ಊಟಕ್ಕೆ ಹೋದಾಗ ಸೋದರತ್ತೆಯ ಪಕ್ಕದ ಕುರ್ಚಿ ಖಾಲಿ ಇತ್ತು. "ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳುವ," ಎಂದು ಎಲ್ಲರಿಗೂ ಕೇಳುವ ಹಾಗೆ ನಗುತ್ತಾ ಕರೆದರು. ಕೈ ತೊಳೆದು ಬರ್ತೇನೆ ಎಂದು ಹೇಳಿ ಹೋಗಿ, ಆಚೆ ಸಾಲಿನಲ್ಲಿ ಅವರಿಗೆ ಬೆನ್ನು ಹಾಕಿ ಕೂತು ಹೊಟ್ಟೆ ತುಂಬ ಉಂಡೆ.